ಮಹಾದೇವಕ್ಕ ಹೂಂ ಅಂದದ್ದು

ಜಮಖಂಡಿಯಿಂದ ತೇರದಾಳಕ್ಕೆ ಹೊರಟ ಬಸ್ಸು ಬನಹಟ್ಟಿ ಸ್ಟ್ಯಾಂಡಿನಲ್ಲಿ ನಿಂತಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಬಸುರಿ ಗೆಳತಿಯೊಬ್ಬಳ ಕುಬಸಕ್ಕೆ ಹೊರಟಿದ್ದ ನಾನು ಕಿಟಕಿಯ ಗಾಜು ಮುಚ್ಚಿಕೊಂಡು ಕೂತಿದ್ದೆ. ಅಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಸೀರೆಗಳ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡಳು. ಮಗ್ಗದಿಂದ ಆಗಷ್ಟೇ ಇಳಿದ ಸೀರೆಗಳು. ನೀರು ಕಾಣದ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಸೀರೆ ಅಂಗಡಿ ಸೇರಿ ಪ್ಲಾಸ್ಟಿಕ್ ಚೀಲದೊಳಗೆ ಕೂತ ಮೇಲೆ ಆ ವಾಸನೆ ಉಳಿಯುವುದಿಲ್ಲ. ಮಗ್ಗದ ಪಕ್ಕ ನಿಂತವರಿಗಷ್ಟೇ ಅದರ ಪರಿಚಯ. ಒಂದು ಶ್ರಾವಣದಲ್ಲಿ ನಾನೂ ನಿಂತಿದ್ದೆ.

ಆಗ ಎಂಬಿಎ ಎರಡನೆಯ ವರ್ಷ. ಆರು ವಾರ ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್ ಮಾಡಿ, ವರದಿ ಬರೆದು, ಕಾಲೇಜಿನಲ್ಲಿ ಎಲ್ಲರೆದುರು ನಿಂತು ಅದರ ಬಗ್ಗೆ ಮಾತಾಡಬೇಕೆಂಬುದು ನಿಯಮ. ಜೊತೆಯವರೆಲ್ಲ ಹುಬ್ಬಳ್ಳಿ, ಪುಣೆ ಎಂದು ಚದುರಿದರು. ನನ್ನ ಪಾಲಿಗೆ ಬಂದದ್ದು ಬನಹಟ್ಟಿಯ ಒಂದು ಸಹಕಾರಿ ಬ್ಯಾಂಕಿನ ಶಾಖೆ. ಜಮಖಂಡಿಯ ಹಾಸ್ಟೆಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು ಎಂಬುದೊಂದೇ ನನಗೆ ಅದರಲ್ಲಿ ಕಂಡ ಗುಣ.

ನಮ್ಮದು ಬೀಳಗಿ ಹತ್ತಿರದ ಹಳ್ಳಿ. ನಮ್ಮ ಮನೆಯಲ್ಲಿ ಮಾತು ಬಹಳ ಮೆತ್ತಗೆ. ಹೆಣ್ಣುಮಕ್ಕಳ ದನಿ ಪಡಸಾಲೆ ದಾಟಬಾರದು ಎಂದು ಅಜ್ಜಿ ಕಾಯ್ದುಕೊಂಡು ಬಂದ ಶಿಸ್ತು ಅದು. ಕಾಲೇಜಿನ ತರಬೇತಿಯಲ್ಲೂ ಅದನ್ನೇ ಹೇಳಿಕೊಟ್ಟರು: ಗ್ರಾಹಕರ ಜೊತೆ ಮೃದುವಾಗಿ ಮಾತಾಡಿ, ಮುಖದಲ್ಲಿ ನಗು ಇರಲಿ. ನಮ್ಮ ಅಜ್ಜಿಯೂ ಗುಟ್ಟಾಗಿ ಎಂಬಿಎ ಓದಿದ್ದಳೇನೋ ಎಂದುಕೊಂಡೆ.

ಆಷಾಢದ ಕೊನೆಯಲ್ಲಿ ಶಾಖೆಗೆ ಕಾಲಿಟ್ಟ ದಿನವೇ ನನ್ನ ಮೃದುತನಕ್ಕೆ ಪೆಟ್ಟು ಬಿತ್ತು. ಪಿಂಚಣಿ ವಿಚಾರಿಸಲು ಮುದುಕರೊಬ್ಬರು ಕೌಂಟರಿಗೆ ಬಂದು, "ನನ್ನ ಪಗಾರ ಜಮಾ ಆಗೇತೇನ್ರೀ?" ಎಂದು ಕೂಗಿದ ರಭಸಕ್ಕೆ ಕೈಯಲ್ಲಿದ್ದ ಪೆನ್ನು ಬಿತ್ತು. ಅವರ ಹಿಂದೆ ಬಂದ ಹೆಂಗಸು ಗುಟ್ಟು ಹೇಳುವವಳಂತೆ ಸೆರಗು ಅಡ್ಡ ಹಿಡಿದು, ಗಾಜಿಗೆ ಬಾಯಿ ತಂದು, "ನಮ್ಮ ಮನ್ಯಾವ್ರಿಗೆ ಗೊತ್ತಾಗಬಾರದ್ರೀ, ನನ್ನ ಖಾತೇದಾಗ ಎಷ್ಟ ಐತಿ ಹೇಳ್ರಿ?" ಎಂದು ಕೇಳಿದಳು. ಆ ಗುಟ್ಟು ರಸ್ತೆಯಾಚೆಯ ಚಹಾದಂಗಡಿಯವರೆಗೆ ಹೋಗಿ ಮುಟ್ಟಿರಬೇಕು. ಅಂಗಡಿಯವನು ತಿರುಗಿ ನೋಡಿದ.

"ಇವರಿಗೆಲ್ಲಾ ಯಾಕ ಇಷ್ಟ ಸಿಟ್ಟ ಬರತೈತಿ ಕಾಕಾ?" ಎಂದು ಅಟೆಂಡರ್ ಮಲ್ಲಪ್ಪನವರನ್ನು ಕೇಳಿದೆ. ಅವರು ಬನಹಟ್ಟಿಯವರೇ, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿದ್ದವರು.

"ಸಿಟ್ಟ ಯಾರಿಗೆ ಬಂತವಾ? ಮಾತಾಡಾಕತ್ತಾರ," ಎಂದು ಅವರೂ ಕೂಗಿಯೇ ಹೇಳಿದರು.

ಊರಿಗೆ ಊರೇ ಹಾಗಿತ್ತು. ಬೆಳಿಗ್ಗೆ ಬಸ್ಸಿನಿಂದ ಇಳಿದರೆ ಸಾಕು, ಓಣಿ ಓಣಿಯಿಂದ ಪಾವರ್‌ಲೂಮುಗಳ ಖಟಪಟ. ಕಿವಿಗಿಂತ ಮೊದಲು ಅದು ಅಂಗಾಲಿಗೆ ತಿಳಿಯುತ್ತಿತ್ತು. ಬ್ಯಾಂಕಿನ ಗೋಡೆಗೆ ಆನಿಸಿಟ್ಟ ನೀರಿನ ಲೋಟದಲ್ಲಿ ದಿನವಿಡೀ ಸಣ್ಣ ಅಲೆ. ಸಂಜೆ ಹಾಸ್ಟೆಲ್ಲಿಗೆ ಮರಳಿದರೂ ತಲೆಯೊಳಗೆ ಮಗ್ಗದ ಲಾಳಿ ಓಡಾಡುತ್ತಲೇ ಇತ್ತು.

ನಾನು ಕೂರುವ ಕೌಂಟರಿಗೆ ಕೊರೊನಾದ ಕಾಲದಲ್ಲಿ ಹಾಕಿದ ಗಾಜು ಹಾಗೆಯೇ ಇತ್ತು. ಕೆಳಗೆ ಕಾಗದ ದಾಟಿಸಲು ಒಂದು ಕಿಂಡಿ. ಗಾಜಿನ ನಡುವೆ, ಸರಿಯಾಗಿ ನನ್ನ ಮೂಗಿನಿಂದ ಗದ್ದದವರೆಗೆ, ಯಾವುದೋ ಉಳಿತಾಯ ಯೋಜನೆಯ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು. ಹೊರಗಿನವರಿಗೆ ನನ್ನ ಕಣ್ಣು ಮಾತ್ರ ಕಾಣುತ್ತಿತ್ತು. ಅದು ನನಗೆ ಅನುಕೂಲವೇ ಆಗಿತ್ತು, ಪೋಸ್ಟರಿನವರು ನನ್ನ ಪಾಲಿನ ನಗುವನ್ನೂ ನಗುತ್ತಿದ್ದರಲ್ಲ.

ಶ್ರಾವಣ ಹಿಡಿದ ಮೊದಲ ದಿನಗಳಲ್ಲೇ ಮಹಾದೇವಕ್ಕ ಬಂದಳು. ನಲವತ್ತೈದರ ಆಸುಪಾಸಿನ ಹೆಂಗಸು. ತಲೆಗೂದಲಲ್ಲಿ ಅಲ್ಲಲ್ಲಿ ನೂಲಿನ ಅರಳೆ. ಗಂಡ ರಬಕವಿ–ಬನಹಟ್ಟಿ ನಡುವೆ ಆಟೊ ಓಡಿಸುತ್ತಾನೆ. ಈಕೆ ಸಣ್ಣವಳಿದ್ದಾಗಿನಿಂದ ಒಬ್ಬರ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾಳೆ. ಆ ಮಾಲಕರು ಈಗ ಶೆಡ್ಡು ಮುಚ್ಚಿ ಮಗನ ಊರಿಗೆ ಹೊರಟಿದ್ದರು. ಈಕೆ ನಡೆಸುವ ಎರಡು ಮಗ್ಗಗಳನ್ನು ಈಕೆಗೇ ಕೊಡಲು ಒಪ್ಪಿದ್ದರು. ಆದರೆ ಶ್ರಾವಣ ಮುಗಿಯುವ ಬೆನಕನ ಅಮಾವಾಸ್ಯೆಯೊಳಗೆ ದುಡ್ಡು ಕೈಗೆ ಬರಬೇಕು. ಇಲ್ಲವಾದರೆ ಇಚಲಕರಂಜಿಯ ಗುಜರಿಯವನು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೋಗುತ್ತಾನೆ. ಇಷ್ಟನ್ನೂ ಆಕೆ ಮ್ಯಾನೇಜರ ಕೋಣೆಯಲ್ಲಿ, ಬಾಯಿಪಾಠ ಮಾಡಿಕೊಂಡು ಬಂದವಳಂತೆ ಒಂದೇ ಉಸಿರಿನಲ್ಲಿ, ಇಡೀ ಬ್ಯಾಂಕಿಗೆ ಕೇಳುವಂತೆ ಹೇಳಿ ಮುಗಿಸಿದಳು.

ಮ್ಯಾನೇಜರ್ ಬಡಿಗೇರ ಸರ್ ಹಾವೇರಿ ಕಡೆಯವರು, ಶಾಖೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಒಳ್ಳೆಯವರು, ದನಿ ನನಗಿಂತ ಸಣ್ಣದು. ಮೇಲ್ತುಟಿ, ಕೆಳತುಟಿ ಎರಡನ್ನೂ ಮುಚ್ಚುವಂಥ ಮೀಸೆ. ಅವರ ಬೆನ್ನ ಹಿಂದೆಯೇ ಕಿಟಕಿ ಇದ್ದುದರಿಂದ ಎದುರು ಕೂತವರಿಗೆ ಮುಖ ಬರೀ ಕಪ್ಪಾಗಿ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ.

"ನೂಲು ಯಾರ ಕೊಡಸ್ತಾರವಾ?" ಎಂದರು ಸರ್.

"ಏನ್ರಿ?"

"ನೂಲು. ಯಾರ ಕೊಡಸ್ತಾರ?"

"ಏನ್ರಿ ಸಾಹೇಬ್ರ?"

ಸರ್ ಮತ್ತೊಮ್ಮೆ ಕೇಳಿದರು. "ಹೂನ್ರಿ," ಎಂದಳು ಮಹಾದೇವಕ್ಕ. ಮುಂದಿನದ್ದಕ್ಕೂ ಹೂನ್ರಿ, ಅದರ ಮುಂದಿನದ್ದಕ್ಕೂ ಹೂನ್ರಿ. ಸರ್ ಪೆನ್ನು ಕೆಳಗಿಟ್ಟು, "ಖರೆ ಹೇಳವಾ, ಈ ಸಾಲ ಬ್ಯಾರೇದವರ ಸಲುವಾಗಿ ತಗೊಳ್ಳಾಕತ್ತೀ ಏನು?" ಎಂದು ಕೇಳಿದರು. ಮಹಾದೇವಕ್ಕ ತುಂಬು ವಿಶ್ವಾಸದಿಂದ ತಲೆಯಾಡಿಸಿ, "ಹೂನ್ರೀ ಸಾಹೇಬ್ರ!" ಎಂದಳು.

ಆಕೆ ಹೊರಗೆ ಹೋದ ಮೇಲೆ ಸರ್ ಕಾಗದಗಳನ್ನು ನನ್ನತ್ತ ಸರಿಸಿದರು. "ಹಿಂದಿನ ಊರಾಗ ಹಿಂಗ ಒಬ್ಬಾಕಿ ಹೆಸರ್ಲೆ ಬ್ಯಾರೇದಾವ ಸಾಲ ತಗೊಂಡ ಓಡಿಹೋದ. ಆ ತಾಯಿ ದಿನಾ ಬಂದ ಬ್ಯಾಂಕಿನ ಮೆಟ್ಟಲ ಮ್ಯಾಲ ಕುಂದ್ರತಿದ್ಲು. ಅದನ್ನ ಮತ್ತೊಮ್ಮಿ ನೋಡೂ ಶಕ್ತಿ ನನಗಿಲ್ಲ. ಆಗೂದಿಲ್ಲಂತ ಹೇಳಿಬಿಡ್ರಿ. ನೀವ ಹೇಳ್ರಿ, ಮೆತ್ತಗ ಹೇಳ್ರಿ."

ಮೆತ್ತಗೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಗಾಜಿನ ಹಿಂದೆ ಕೂತು, "ಅಕ್ಕಾ, ಸಾಲ ಆಗೂದಿಲ್ಲಂತ. ಬ್ಯಾಸರ ಮಾಡಕೋಬ್ಯಾಡ್ರಿ," ಎಂದೆ. ಆಕೆ ಗಾಜಿನತ್ತ ಬಾಗಿ ನೋಡಿದಳು. ಮುಖ ಅರಳಿತು. "ಹೂನ್ರಿ ಮೇಡಂ, ಹೂನ್ರಿ. ಛಲೋ ಆತ್ರಿ!" ಎಂದು ಕೈಮುಗಿದು ಹೋದಳು. ಎಂಥ ದೊಡ್ಡ ಮನಸ್ಸು ಎಂದು ಬೆರಗಾದೆ. ಈ ಭಾಗದ ಗ್ರಾಹಕರು ನಿರಾಕರಣೆಯನ್ನೂ ಸಮಚಿತ್ತದಿಂದ ಸ್ವೀಕರಿಸುತ್ತಾರೆ ಎಂದು ವರದಿಗಾಗಿ ಬರೆದಿಟ್ಟುಕೊಂಡೆ ಕೂಡ.

ಪಂಚಮಿಗೆ ಊರಿಗೆ ಹೋಗಿ, ಜೋಕಾಲಿ ಜೀಕಿ, ಅಳ್ಳಿಟ್ಟು ತಿಂದು ಮರಳಿದೆ. ಮಾರನೆಯ ದಿನ ಬ್ಯಾಂಕು ತೆರೆಯುತ್ತಲೇ ಮಹಾದೇವಕ್ಕ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಮಲ್ಲಪ್ಪನವರಿಗೆ ಎಳ್ಳುಂಡಿ, ಕ್ಯಾಶಿಯರಿಗೆ ಶೇಂಗಾ ಉಂಡಿ, ಗಾಜಿನ ಕಿಂಡಿಯೊಳಗಿಂದ ನನಗೆ ಎರಡೆರಡು.

"ತಗೋರಿ ಮೇಡಂ, ನಿಮ್ಮ ಬಾಯಿಂದ ಛಲೋ ಸುದ್ದಿ ಬಂತು. ಮಗ್ಗಕ್ಕ ಅರಿಷಿಣ ಕುಂಕುಮ ಹಚ್ಚಿ ಬಂದೇನಿ. ಮಾಲಕರಿಗೂ ಹೂಂ ಅಂದೇನಿ, ಅಮಾಸಿ ಒಳಗ ರೊಕ್ಕ ಕೊಡತೇನಂತ!"

ಕಚ್ಚಿದ ಉಂಡಿಯನ್ನು ಕೆಳಗಿಟ್ಟೆ. ಸರ್ ಅಂದು ಮೀಟಿಂಗಿಗೆಂದು ಜಮಖಂಡಿಗೆ ಹೋಗಿದ್ದರು. ಹಾಲಿನಲ್ಲಿ ಹತ್ತಾರು ಜನ ಸಾಲು ನಿಂತಿದ್ದರು. ಮೆತ್ತಗೆ ಹೇಳಿದ್ದು ಈಕೆಗೆ ತಿಳಿದೇ ಇರಲಿಲ್ಲ; ಜೋರಾಗಿ ಹೇಳಿದರೆ ಈಕೆಯ ಸಾಲ ಆಗಲಿಲ್ಲವೆಂದು ಇಡೀ ಬನಹಟ್ಟಿಗೆ ತಿಳಿಯುತ್ತದೆ. "ಊಟದ ಹೊತ್ತಿನ್ಯಾಗ ಬರ್ರಿ, ಮಗ್ಗ ನೋಡ್ಯರ ಹೋಗೀರಂತ," ಎಂದು ಆಕೆಯೇ ಕರೆದಳು. ಬರುತ್ತೇನೆ ಎಂದು ತಲೆಯಾಡಿಸಿದೆ.

ಶೆಡ್ಡಿನ ಬಾಗಿಲು ದಾಟಿದ್ದೇ ತಡ, ನನ್ನ ಕಿವಿಯಿಂದ ಲೋಕವೇ ಮಾಯವಾಯಿತು. ಮಗ್ಗಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನ್ನ ಕೆಮ್ಮು ನನಗೇ ಕೇಳಿಸಲಿಲ್ಲ. ಅಂಥದರಲ್ಲಿ ಆ ತುದಿಯ ಹೆಂಗಸೊಬ್ಬಳು ಈ ತುದಿಯವಳಿಗೆ ಏನೋ ಹೇಳಿದಳು. ಇವಳು ನಕ್ಕಳು. ಮತ್ತೊಬ್ಬಳು ಅದಕ್ಕೆ ಏನೋ ಸೇರಿಸಿದಳು. ಎಲ್ಲರೂ ನನ್ನತ್ತ ನೋಡಿ ನಕ್ಕರು. ಯಾರೂ ದನಿ ಎತ್ತಿರಲಿಲ್ಲ. ತುಟಿ ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ ಆಡುತ್ತಿತ್ತು. ಜೊತೆಗೆ ಒಂಚೂರು ಕೈ, ಒಂಚೂರು ಹುಬ್ಬು. ಆ ಗದ್ದಲದ ನಡುವೆ ಅವರು ಹಾಯಾಗಿ ಹರಟೆ ಹೊಡೆಯುತ್ತಿದ್ದರು.

ನನಗೆ ಆಗ ಎಲ್ಲವೂ ಒಟ್ಟಿಗೆ ಹೊಳೆಯಿತು. ಇವರಿಗೆ ಕಿವಿ ಮಂದ. ವರ್ಷಗಟ್ಟಲೆ ಈ ಸದ್ದಿನಲ್ಲಿ ನಿಂತವರು ಮುಖ ನೋಡಿ ಮಾತು ತಿಳಿಯುತ್ತಾರೆ. ಮುಖ ಕಾಣದಲ್ಲಿ ಏನೂ ತಿಳಿಯುವುದಿಲ್ಲ. ನನ್ನ ಬಾಯಿ ಪೋಸ್ಟರಿನ ಹಿಂದೆ, ಸರ್ ಬಾಯಿ ಮೀಸೆಯ ಹಿಂದೆ.

ಮಹಾದೇವಕ್ಕ ತನ್ನ ಎರಡು ಮಗ್ಗಗಳ ನಡುವೆ ನಿಂತು, ಹೇಗಿವೆ ಎಂಬಂತೆ ಹುಬ್ಬೇರಿಸಿದಳು. ಎರಡಕ್ಕೂ ಅರಿಷಿಣದ ಬೆರಳ ಗುರುತು. ನಾನು ಆಕೆಯ ಎದುರು ನಿಂತು, ಬೆಳಕಿಗೆ ಮುಖವೊಡ್ಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: "ಸಾಲ ಆಗಿಲ್ಲ ಅಕ್ಕಾ." ದನಿ ಬಂತೋ ಇಲ್ಲವೋ ನನಗೇ ಗೊತ್ತಿಲ್ಲ. ಆಕೆಗೆ ಮೊದಲ ಸಲಕ್ಕೇ ತಿಳಿಯಿತು. ಒಂದು ಮಗ್ಗದ ಬಟನ್ ಒತ್ತಿದಳು, ನಂತರ ಇನ್ನೊಂದರದ್ದು. ಎರಡೂ ನಿಂತವು. ಅವು ನಿಂತದ್ದು ಉಳಿದವರಿಗೆ ಹೇಗೋ ತಿಳಿದು, ಒಬ್ಬೊಬ್ಬರೇ ಇತ್ತ ತಿರುಗಿದರು.

ಹೊರಗಿನ ಕಟ್ಟೆಯ ಮೇಲೆ ಕೂತೆವು. "ಮೊನ್ನೆ ಆತು ಅಂದ್ರೆಲ್ಲಾ?" ಎಂದಳು.

"ಇಲ್ಲಕ್ಕಾ, ಆಗೂದಿಲ್ಲಂತ ಹೇಳಿದ್ದೆ."

"ಗಾಜಿನ ಮ್ಯಾಲ ಆ ಚಿತ್ರದಾಗಿನ ಮಂದಿ ನಗಾಕತ್ತಿದ್ರು. ನಿಮ್ಮ ಕಣ್ಣ ಸಣ್ಣ ಆದ್ವು, ನೀವೂ ನಗಾಕತ್ತೀರಿ ಅನಕೊಂಡೆ."

ಸಾಹೇಬರು ಕೇಳಿದ ಪ್ರಶ್ನೆಗಳನ್ನೆಲ್ಲ ಮತ್ತೆ ಹೇಳಿದೆ. "ಬ್ಯಾರೇದವರ ಸಲುವಾಗಿ ಏನಂತ ಕೇಳಿದ್ರ ಹೂಂ ಅಂದ್ನಿ ನಾ?" ಎಂದು ಆಕೆ ಮೊದಲು ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿದವು. "ಮಾಲಕರಿಗೆ ಮಾತ ಕೊಟ್ಟ ಬಂದೇನಲ್ಲ ತಂಗಿ. ನಲವತ್ತು ದಾಟಿದ ಮ್ಯಾಲ ಒಂದ ಸಲ ನನ್ನ ಮಗ್ಗ ಅಂದಿದ್ದೆ."

"ಕೇಳಸಲಿಲ್ಲಂತ ಯಾಕ ಹೇಳಲಿಲ್ಲ ಅಕ್ಕಾ?"

"ಎರಡ ಸರ್ತಿ ಏನ್ರಿ ಅಂದ್ರ ಮಂದಿ ತಡಕೋತಾರ. ಮೂರನೇ ಸರ್ತಿಗೆ ಮಾರಿ ಕೆಡಸ್ತಾರ. ಅದಕ ಮೂರನೇದಕ್ಕ ಹೂಂ ಅಂದಬಿಡೂದು. ನಾವೆಲ್ಲಾ ಹಂಗಽ."

ಮೇಡಂ ಹೋಗಿ ತಂಗಿ ಆದದ್ದು ಆಕೆಗೆ ತಿಳಿದಿತ್ತೋ ಇಲ್ಲವೋ. ನನಗೆ ತಿಳಿದಿತ್ತು, ಮತ್ತು ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಸರ್ ಎದುರು ನಿಂತು ಎಲ್ಲ ಹೇಳಿದೆ. ಅವರು ನಂಬಲಿಲ್ಲ. "ಕೇಳಸಲಿಲ್ಲಾಂದ್ರ ಹೇಳಬೇಕಿತ್ತಲ್ಲ? ಮಲ್ಲಪ್ಪ, ಖರೆನೇನೋ ಇದು?"

"ಇದೇನ ಹೇಳೂ ಮಾತೇನ್ರಿ ಸಾಹೇಬ್ರ? ಬನಹಟ್ಟ್ಯಾಗ ಮಗ್ಗದವರಿಗೆ ಯಾರಿಗೆ ನೆಟ್ಟಗ ಕೇಳಸ್ತೈತಿ?" ಎಂದರು ಮಲ್ಲಪ್ಪ. ಊರವರಿಗೆ ಅದು ಸುದ್ದಿಯೇ ಆಗಿರಲಿಲ್ಲ.

"ಸರ್, ನೀವ ಒಮ್ಮಿ ಬಂದ ನೋಡಬೇಕ್ರಿ," ಎಂದೆ. ಎಂದೆ ಎನ್ನುವುದಕ್ಕಿಂತ ಕೂಗಿದೆ. ಅಜ್ಜಿ ಕಾಯ್ದಿದ್ದ ಪಡಸಾಲೆ ದಾಟಿ ದನಿ ಹಾಲಿನ ತುದಿಯವರೆಗೆ ಹೋಯಿತು. ಕ್ಯಾಶಿಯರ್ ನೋಟೆಣಿಸುವುದನ್ನು ನಿಲ್ಲಿಸಿ ಕತ್ತೆತ್ತಿದರು. ಸರ್ ಎದ್ದು ಚಪ್ಪಲಿ ಮೆಟ್ಟಿದರು.

ಶೆಡ್ಡಿನಲ್ಲಿ ಅಂದೂ ಎಲ್ಲ ಮಗ್ಗಗಳು ಓಡುತ್ತಿದ್ದವು. ಮಹಾದೇವಕ್ಕ ಸೆರಗು ಸರಿಮಾಡಿಕೊಂಡು ಸರ್ ಎದುರು ಬಂದು ಏನೋ ಕೇಳಿದಳು. ಸರ್ ಕಿವಿ ಮುಂದೆ ಮಾಡಿದರು. ಆಕೆ ಮತ್ತೆ ಕೇಳಿದಳು. ಸರ್ ಅಂಗೈಯನ್ನು ಕಿವಿಯ ಹಿಂದಿಟ್ಟು ಬಾಗಿದರು. ಮೂರನೆಯ ಸಲ ಆಕೆ ಕೇಳಿದಾಗ ಅವರು ದೊಡ್ಡ ಮನುಷ್ಯರ ನಗು ನಕ್ಕು, ಹೂಂ ಹೂಂ ಎಂದು ತಲೆಯಾಡಿಸಿದರು. ಶೆಡ್ಡಿನ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಹಾದೇವಕ್ಕ ಕೈಯೆತ್ತಿ ಸನ್ನೆ ಮಾಡಿದಳು. ಒಂದೊಂದೇ ಮಗ್ಗ ನಿಂತು, ಕಿವಿಯಲ್ಲಿ ಬರೀ ಗುಂಯ್ ಎನ್ನುವುದೊಂದೇ ಉಳಿಯಿತು.

"ನಾ ಏನ ಕೇಳಿದ್ನಿ ಹೇಳ್ರಿ ಸಾಹೇಬ್ರ?"

ಸರ್ ನನ್ನ ಮುಖ ನೋಡಿದರು. ನಾನು ಮೇಲಿನ ತಗಡು ನೋಡಿದೆ. "ಖರೆ ಅಂದ್ರ ಕೇಳಸಲಿಲ್ಲವಾ," ಎಂದರು.

"ಸಾಲ ಕೊಡತೀರೇನಂತ ಕೇಳಿದ್ನಿ. ನೀವು ಹೂಂ ಅಂದ್ರಿ." ಆಕೆ ಸ್ವಲ್ಪ ತಡೆದು, "ನಾನೂ ನಿಮ್ಮ ಖೋಲ್ಯಾಗ ಹಂಗಽ ಅಂದದ್ದರೀ," ಎಂದಳು.

ಸರ್ ಮೊದಲು ತಲೆ ತಗ್ಗಿಸಿದರು. ನಂತರ ಅವರ ಮೀಸೆ ಅಲುಗಿತು. ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು; ಅಂಥ ನಗುವನ್ನು ನಾನು ಆ ಆರು ವಾರದಲ್ಲಿ ಮತ್ತೆ ಕಾಣಲಿಲ್ಲ. ಯಾರೋ ಅವರಿಗೊಂದು ಸ್ಟೂಲು ಕೊಟ್ಟರು. ಅವರು ಅದನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಮುಖ ಆಕೆಯ ಕಡೆ ಮಾಡಿ ಕೂತು, "ಹಂಗಾರ ಮೊದಲಿಂದ ಕೇಳತೇನಿ. ತಿಳೀಲಿಲ್ಲಂದ್ರ ಹತ್ತ ಸರ್ತಿ ಏನ್ರಿ ಅನ್ರಿ. ಹೂಂ ಮಾತ್ರ ಅನಬ್ಯಾಡ್ರಿ," ಎಂದರು. ಈ ಸಲ ಪ್ರತಿಯೊಂದಕ್ಕೂ ಉತ್ತರ ಬಂತು. ಬೇರೆಯವರ ಸಲುವಾಗಿಯೇನು ಎಂದು ಕೇಳಿದಾಗ, "ಬ್ಯಾರೇದವರ ಮಗ್ಗ ಇಷ್ಟ ವರ್ಷ ನಡಸೀನ್ರಿ, ಸಾಕು," ಎಂದಳು ಮಹಾದೇವಕ್ಕ.

ಬ್ಯಾಂಕಿಗೆ ಮರಳಿದವಳೇ ಮಲ್ಲಪ್ಪನವರಿಂದ ಬ್ಲೇಡು ಇಸಿದುಕೊಂಡು, ಗಾಜಿನ ಪೋಸ್ಟರ್ ಕೆರೆದು ತೆಗೆದೆ. ಚಿತ್ರದ ಹೆಂಡತಿಯ ಹಲ್ಲು ಬಹಳ ಗಟ್ಟಿಯಾಗಿ ಅಂಟಿತ್ತು, ಒದ್ದೆ ಬಟ್ಟೆಯಿಂದ ಉಜ್ಜಬೇಕಾಯಿತು. ಸರ್ ತಮ್ಮ ಟೇಬಲ್ಲನ್ನು ಕಿಟಕಿಗೆ ಎದುರಾಗಿ ತಿರುಗಿಸಿ ಹಾಕಿಸಿದರು. ಮುಂದಿನ ಸೋಮವಾರ ಅವರ ಮೀಸೆ ತುಟಿ ಬಿಟ್ಟು ಮೇಲೆ ಸರಿದಿತ್ತು.

ಉಳಿದ ಶ್ರಾವಣವೆಲ್ಲ ಕಾಗದಪತ್ರಗಳ ಓಡಾಟ. ಜಾಮೀನು, ಮಾಲಕರ ಒಪ್ಪಿಗೆ, ಜಮಖಂಡಿಯಿಂದ ಬರಬೇಕಾದ ಮಂಜೂರಾತಿ. ದಿನಾ ಮಧ್ಯಾಹ್ನ ಮಹಾದೇವಕ್ಕ ಬ್ಯಾಂಕಿನ ಬಾಗಿಲಲ್ಲಿ ನಿಂತು ದೂರದಿಂದಲೇ ತುಟಿಯಾಡಿಸಿ ಕೇಳುತ್ತಿದ್ದಳು: "ಬಂತೇನು?" ನಾನು ಗಾಜಿನೊಳಗಿಂದ ಹಾಗೆಯೇ ಹೇಳುತ್ತಿದ್ದೆ: "ಇನ್ನಾ ಇಲ್ಲ." ನಮ್ಮಿಬ್ಬರ ನಡುವೆ ಸಾಲು ನಿಂತವರ ಕಿವಿಗೆ ಇದು ಬೀಳುತ್ತಿರಲಿಲ್ಲ. ಗುಟ್ಟು ಎಂದರೆ ಹೀಗಿರಬೇಕು ಎಂದುಕೊಂಡೆ.

ಮಂಜೂರಾತಿ ಬಂದದ್ದು ಅಮಾವಾಸ್ಯೆಗೆ ಇನ್ನು ಎರಡೇ ದಿನ ಇರುವಾಗ. ಅಂದು ಆಕೆ ಬಾಗಿಲಿಗೆ ಬಂದು ಕೇಳುವ ಮೊದಲೇ ಎದ್ದು ನಿಂತು, "ಆತು!" ಎಂದೆ. ಆಕೆ ಒಂದು ಸಲ, "ಏನ್ರಿ?" ಎಂದಳು. ಇನ್ನೊಮ್ಮೆ ಹೇಳಿದೆ. ಮತ್ತೆ, "ಏನ್ರಿ?" ಎಂದಳು. ಆಕೆಗೆ ಮೊದಲ ಸಲಕ್ಕೇ ತಿಳಿದಿತ್ತು ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೂರನೆಯ ಸಲ ನಾನೂ ಗಂಟಲು ಬಿಟ್ಟು ಕೂಗಿದೆ. ಹಾಲಿನಲ್ಲಿದ್ದವರೆಲ್ಲ ತಿರುಗಿ ಆಕೆಯನ್ನು ನೋಡಿದರು. ಅವರಿಗೆಲ್ಲ ಕೇಳಿಸಲೆಂದೇ ಆಕೆ ಕೇಳಿದ್ದಳು.

ಬೆನಕನ ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ. ಊರು ಹಾಗೆ ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ಗಿಡದಲ್ಲಿ ಕೂತ ಹಕ್ಕಿಯ ದನಿಯೂ ಕೇಳಿಸುತ್ತಿತ್ತು. ಮಹಾದೇವಕ್ಕನ ಎರಡು ಮಗ್ಗಗಳಿಗೆ ಮಾವಿನ ತೋರಣ, ಚೆಂಡುಹೂವು. ಸರ್ ತೆಂಗಿನಕಾಯಿ ಒಡೆದರು. ಆ ನಿಶ್ಶಬ್ದದಲ್ಲೂ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು, ನಾನೂ ಸೇರಿದಂತೆ.

ಕಾಲೇಜಿನಲ್ಲಿ ನನ್ನ ಸರದಿ ಬಂದಾಗ ಹೊರಗಿನಿಂದ ಬಂದ ಪರೀಕ್ಷಕರು ನಡುವೆ ಕೈಯೆತ್ತಿ, "ಮೈಕ್ ಐತ್ರೀ, ಸ್ವಲ್ಪ ಸಾವಕಾಶ," ಎಂದರು. ಗ್ರಾಹಕರ ಸಮಚಿತ್ತದ ಬಗ್ಗೆ ಬರೆದಿದ್ದ ಸಾಲನ್ನು ವರದಿಯಿಂದ ತೆಗೆದಿದ್ದೆ. ಈಗ ಮುಧೋಳದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೌಂಟರಿನ ಗಾಜಿಗೆ ಯಾರಾದರೂ ಏನಾದರೂ ಅಂಟಿಸಿದರೆ ಸಂಜೆಯೊಳಗೆ ಅದು ಗೋಡೆಗೆ ಹೋಗಿರುತ್ತದೆ.

ಬಸ್ಸು ಹಾರ್ನು ಹೊಡೆಯಿತು. ಪಕ್ಕದವಳ ಗಂಟಿನಿಂದ ಮುಖ ತಿರುಗಿಸಿ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದೆ. ರಸ್ತೆಯಾಚೆ, ಆಟೊದ ಪಕ್ಕದಲ್ಲಿ ಮಹಾದೇವಕ್ಕ ನಿಂತಿದ್ದಳು. ಆಟೊ ತುಂಬ ನೂಲಿನ ಚೀಲ, ಗಂಡ ಹಗ್ಗ ಬಿಗಿಯುತ್ತಿದ್ದ. ನಾನು ಗಾಜಿಗೆ ಬೆರಳು ಬಡಿದೆ. ಆ ಸದ್ದು ಆಕೆಗೆ ಕೇಳಿಸುವ ಮಾತೇ ಇರಲಿಲ್ಲ. ಆದರೂ ಆಕೆ ತಲೆಯೆತ್ತಿದಳು. ಒಂದು ಗಳಿಗೆ ದಿಟ್ಟಿಸಿದಳು. ಮುಖ ಅರಳಿತು. ನಾಲ್ಕು ಬೆರಳು ಎತ್ತಿ ತೋರಿಸಿದಳು. "ಈಗ ನಾಕು," ಎಂದವು ತುಟಿಗಳು. ನಾಲ್ಕು ಮಗ್ಗ! ಆಮೇಲೆ, "ಇಳಿ. ಚಹಾ ಕುಡುದ ಹೋಗು."

ನಾನು ಬ್ಯಾಗು ಎತ್ತಿಕೊಂಡು ಪಕ್ಕದವಳ ಗಂಟು ದಾಟಿ ಬಾಗಿಲಿಗೆ ಬಂದೆ. ಕಂಡಕ್ಟರ್ ತಡೆದ. "ತೇರದಾಳದ ಟಿಕೆಟ್ ಐತಲ್ರೀ ಅಕ್ಕಾರ? ಫ್ರೀ ಅಂತ ಎಲ್ಲಿ ಬೇಕಲ್ಲಿ ಇಳಿಯೂದೇನು?"

"ಕರದಾರ್ರಿ," ಎಂದೆ.

ಆತ ಮಳೆಯ ರಸ್ತೆಯನ್ನೊಮ್ಮೆ ಇಣುಕಿ ನೋಡಿದ. "ಯಾರ ಕರದ್ರು? ನನಗೇನ ಕೇಳಸಲಿಲ್ಲಲ್ಲ!"

"ನನಗ ಕೇಳಸ್ತು," ಎಂದು ಹೇಳಿ ಇಳಿದೆ.